ಗ್ರಹಣದ ದಿನ ಆ ಕೋಣೆಯಲ್ಲಿ ಇದ್ದವರು

“ಗೌರವ್ವ ಬಸರಿದ್ದಾಗ ಗ್ರಹಣದಾಗ ಈಳಿಗಿ ಮುಟ್ಟಿದ್ಲು. ಅದಕ್ಕ ಮಗನ ತುಟಿ ಸೀಳಿತು. ಮುಂದ ಇನ್ನೊಂದು ಗ್ರಹಣದಾಗ ಹುಡುಗನ್ನ ತಿಪ್ಪ್ಯಾಗ ಹುಗಿದ್ರು, ತುಟಿ ಕೂಡಿತು.”

ನನ್ನ ಬಾಲ್ಯದ ಬಗ್ಗೆ ನಮ್ಮೂರಿನಲ್ಲಿ ಯಾರನ್ನು ಕೇಳಿದರೂ ಸಿಗುವ ಚರಿತ್ರೆ ಇಷ್ಟೇ. ಗೌರವ್ವ ನನ್ನ ತಾಯಿ. ಸೀಳುತುಟಿಯ ಮಗ ನಾನು. ಈ ಮಾತುಗಳಲ್ಲಿ ನನ್ನನ್ನು ತಿಪ್ಪೆಯಲ್ಲಿ ಹುಗಿದದ್ದೊಂದು ನಿಜ, ಉಳಿದದ್ದು ಸುಳ್ಳು. ಸುಳ್ಳೆಂದು ನಾನು ಬಹಳ ಹಿಂದೆಯೇ ಬಲ್ಲೆ. ಆದರೂ ಬರೆಯುವ ಗೋಜಿಗೆ ಹೋಗಿರಲಿಲ್ಲ, ಏಕೆಂದರೆ ಕೇಳುವವರು ಇರಲಿಲ್ಲ. ಈಚೆಗೆ ಹುಲಿಹೈದರದಲ್ಲಿ ನಮ್ಮ ಬಳಗದ ಮನೆಯೊಂದರಲ್ಲಿ ಸೀಳುತುಟಿಯ ಹೆಣ್ಣುಮಗು ಹುಟ್ಟಿತು. ನೋಡಲು ಹೋದೆ. ಕಾಲ ಬದಲಾಗಿದೆ, ಕೆಲವು ತಿಂಗಳಲ್ಲಿ ತುಟಿಯನ್ನೂ, ಮಗು ವರ್ಷದ ಸುಮಾರಿಗೆ ಬಂದಾಗ ಒಳಗಿನ ಅಂಗುಳವನ್ನೂ ಹೊಲಿಯುವುದಾಗಿ ಆಸ್ಪತ್ರೆಯವರು ಹೇಳಿ ಕಳಿಸಿದ್ದರು. ಮಗುವಿನ ಗತಿ ನನ್ನ ಗತಿಯಾಗುವುದಿಲ್ಲ ಎಂದು ಸಮಾಧಾನಪಡುವಷ್ಟರಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ ಬಾಣಂತಿಯನ್ನು ಕಂಡೆ. ನಾನು ಬಾಗಿಲಲ್ಲಿ ನಿಂತದ್ದನ್ನು ನೋಡಿ ಆಕೆಯ ಅತ್ತೆ ಸೊಸೆಯತ್ತ ತಿರುಗಿದಳು.

“ಇಲ್ಲಿ ಹೊಳ್ಳಿ ನೋಡು, ಯಮನೂರಪ್ಪಾರು ಬಂದಾರ. ಇವರವ್ವನೂ ನಿನ್ನಂಗ. ಬ್ಯಾಡ ಅಂದದ್ದನ್ನ ಮಾಡಿ ಮಗನ ಬಾಯಿ ಹಾಳ ಮಾಡಿದಾಕಿ.”

ಹಾಗಲ್ಲ ಎಂದೆ. ಇನ್ನೂ ಕೆಲವು ಮಾತು ಹೇಳಿದೆ. ನನ್ನ ಮಾತು ಹೊಸಬರಿಗೆ ತಿಳಿಯುವುದಿಲ್ಲ. ಅಂಗುಳದ ಸೀಳಿನಿಂದ ಉಸಿರೆಲ್ಲ ಮೂಗಿಗೆ ಹೋಗುತ್ತದೆ. ಆಕೆ ನಾನು ಹೌದೆಂದೆ ಎಂದುಕೊಂಡು ಚಹಾ ತರಿಸಿದಳು. ನನ್ನ ತಾಯಿ ತೀರಿಕೊಂಡು ವರ್ಷಗಳಾದವು. ಇನ್ನೊಬ್ಬ ತಾಯಿಯನ್ನು ಗೋಡೆಗೆ ತಿರುಗಿಸಲು ಈಗಲೂ ಆಕೆಯ ಹೆಸರೇ ಬಳಕೆಯಾಗುತ್ತಿದೆ. ಆದ್ದರಿಂದ ಈ ಬರಹ.

ನಮ್ಮದು ಮಣ್ಣಿನ ಮಾಳಿಗೆಯ ಮನೆ. ಗೋಡೆಗಳಿಗೆ ಕಿಟಕಿ ಇರಲಿಲ್ಲ. ಮಾಳಿಗೆಯಲ್ಲಿ ಬಿಟ್ಟ ಬೆಳಕಿಂಡಿಯಿಂದ ಬಿಸಿಲು ಕೋಲಿನಂತೆ ಇಳಿಯುತ್ತಿತ್ತು. ಅದು ಒಲೆಯ ಹತ್ತಿರ ಬಂದಾಗ ಊಟ, ಪಡಸಾಲೆಯ ಕಂಬಕ್ಕೆ ತಾಗಿದಾಗ ದನಗಳಿಗೆ ನೀರು. ಬಾಗಿಲೊಳಗೆ ಕಾಲಿಟ್ಟರೆ ಮೊದಲು ದನ ಕಟ್ಟುವ ಜಾಗ, ಮೇಲೆ ಪಡಸಾಲೆ, ಅದರಾಚೆ ಅಡುಗೆಯ ಮನೆ, ಅದಕ್ಕೆ ಅಂಟಿಕೊಂಡು ಜೋಳದ ಚೀಲ, ಕಾಯಿಪಲ್ಯ, ಒನಕೆ, ಈಳಿಗೆಗಳನ್ನು ಇಡುವ ಕತ್ತಲೆ ಕೋಣೆ. ಹೆರಿಗೆ ಆಗುತ್ತಿದ್ದುದು ಅಲ್ಲಿಯೇ. ಗ್ರಹಣ ಬಂದರೆ ಬಸುರಿಯರನ್ನು ಕೂಡಿಹಾಕುತ್ತಿದ್ದುದೂ ಅಲ್ಲಿಯೇ. ಮನೆಯ ಯಜಮಾನಿಕೆ ಅಪ್ಪನ ತಾಯಿಯದು. ನಾವು ಆಕೆಯನ್ನು ಆಯಿ ಎನ್ನುತ್ತಿದ್ದೆವು. ಗ್ರಹಣದ ದಿನ ಆಯಿ ಬೆಳಕಿಂಡಿಗೆ ಕಲ್ಲು ಮುಚ್ಚಿಸಿ, ಪರಾತಿನಲ್ಲಿ ನೀರು ಹಾಕಿ, ಅದರೊಳಗೆ ಒನಕೆಯನ್ನು ನೆಟ್ಟಗೆ ನಿಲ್ಲಿಸುತ್ತಿದ್ದಳು. ಒನಕೆ ನಿಂತಿರುವವರೆಗೆ ಗ್ರಹಣ, ಬಿದ್ದರೆ ಬಿಟ್ಟಿತು. ಅಲ್ಲಿಯವರೆಗೆ ಬಸುರಿಯರು ಕೊಯ್ಯಬಾರದು, ಹೊಲಿಯಬಾರದು, ತಿನ್ನಬಾರದು, ಮೈ ಕೂಡ ಕೆರೆದುಕೊಳ್ಳಬಾರದು. ಅಪ್ಪ, ಅವ್ವ, ಚಿಕ್ಕಪ್ಪ, ಚಿಗವ್ವ, ಅವರ ಮಗ ಬಸವರಾಜ, ನಾನು ಇಷ್ಟೂ ಜನ ಆಯಿಯ ಮಾತಿನ ಕೆಳಗೆ ಇದ್ದೆವು. ಬಸವರಾಜ ನನಗಿಂತ ಕೆಲವೇ ವಾರ ಚಿಕ್ಕವನು.

ನಾನು ಬದುಕಿದ್ದು ಅವ್ವನ ಹಟದಿಂದ. ಹುಟ್ಟಿದಾಗ ಮೊಲೆ ಹಿಡಿಯಲು ಬಾಯಿಗೆ ಬಿಗಿಯಿರಲಿಲ್ಲ. ಕುಡಿದ ಹಾಲು ಮೂಗಿನಿಂದ ಬರುತ್ತಿತ್ತು. ಹಾಸಿಗೆಯ ಹತ್ತಿ ಬಡಿಯಲು ವರ್ಷವರ್ಷವೂ ಬರುತ್ತಿದ್ದ ಪಿಂಜಾರ ಹಸನಸಾಬ ಆಗ ನಮ್ಮ ಪಡಸಾಲೆಯಲ್ಲಿ ಬಿಲ್ಲು ಹೂಡಿದ್ದನಂತೆ. ಕೂಸಿನ ಅಳು ಕೇಳಿ, ಕೈಯಲ್ಲಿದ್ದ ಕೆಲಸ ಬಿಟ್ಟು, ಕಸ ತೆಗೆದ ಅರಳೆಯ ಒಂದು ಉಂಡೆಯನ್ನು ಹೊಸಿಲ ಮೇಲೆ ಇಟ್ಟು, “ತಂಗೀ, ಇದನ್ನ ಹಾಲಾಗ ಅದ್ದಿ ಹಿಂಡಿ ನೋಡವಾ. ಕೂಸಿನ್ನ ಮಲಗಿಸಬ್ಯಾಡ, ಕುಂದ್ರಿಸಿ ಕುಡಿಸು” ಎಂದನಂತೆ. ಅವ್ವ ತನ್ನ ಹಾಲನ್ನು ಬಟ್ಟಲಿಗೆ ಹಿಂಡಿಕೊಂಡು, ನನ್ನನ್ನು ಎದೆಗೆ ಆನಿಸಿ ಕೂರಿಸಿ, ಅರಳೆಯಿಂದ ಹನಿಹನಿಯಾಗಿ ಗಂಟಲ ಪಕ್ಕಕ್ಕೆ ಬಿಟ್ಟಳು. ಒಮ್ಮೆ ಕುಡಿಸಿ ಮುಗಿಸುವುದರೊಳಗೆ ಮತ್ತೆ ಹಸಿವಿನ ಹೊತ್ತು ಬರುತ್ತಿತ್ತಂತೆ. ಊರಿನವರ ಚರಿತ್ರೆಯಲ್ಲಿ ಈ ಬಟ್ಟಲಿಗೂ ಜಾಗವಿಲ್ಲ, ಅರಳೆಗೂ ಇಲ್ಲ.

ಊಟ ನನಗೆ ಏಕಾಂತದ ಕೆಲಸವಾಗಿತ್ತು. ಮಜ್ಜಿಗೆ ಮೂಗಿಗೆ ಏರುತ್ತಿತ್ತು. ಶೇಂಗಾ ಹಿಂಡಿಯ ಖಾರ ಅಲ್ಲಿ ಸಿಕ್ಕಿಕೊಂಡರೆ ಕಣ್ಣೀರು ಸುರಿದು ಹೋಗುವವರೆಗೆ ಉರಿ. ಆದ್ದರಿಂದ ಒಲೆಯ ಹಿಂದೆ, ಗೋಡೆಯ ಮೂಲೆಯಲ್ಲಿ ನನ್ನ ತಾಟು. ಆಯಿಯನ್ನು ನಾನು ಕೆಟ್ಟವಳೆಂದು ಬರೆಯಲಾರೆ. ಬಿಸಿ ರೊಟ್ಟಿಯನ್ನು ಮುರಿದು ಬೆಣ್ಣೆಯಲ್ಲಿ ಕಿವುಚಿ ಮೆತ್ತಗೆ ಮಾಡಿ ನನ್ನ ತಾಟಿಗೆ ಹಾಕುತ್ತಿದ್ದವಳು ಆಕೆಯೇ. ಬಸವರಾಜನಿಗೆ ಆ ಬೆಣ್ಣೆ ಇರಲಿಲ್ಲ. ಆಕೆಗೆ ನನ್ನ ಮೇಲೆ ಅಷ್ಟು ಜೀವ ಇದ್ದುದರಿಂದಲೇ ಯಾರನ್ನಾದರೂ ದೂರದೆ ಇರಲು ಆಗುತ್ತಿರಲಿಲ್ಲ. ರೊಟ್ಟಿ ಕಿವುಚುತ್ತಲೇ ಅವ್ವನ ಮೇಲೆ ಮಾತು ಎತ್ತುತ್ತಿದ್ದಳು.

“ಸೌತಿಕಾಯಿ ಮ್ಯಾಲೆ ಆಸಿ ಬಿತ್ತು ನಿನಗ. ಒನಕಿ ಬೀಳೋತನಕ ತಡಕೊಳ್ಳಾಕ ಆಗಲಿಲ್ಲ.”

“ಇಲ್ರೀ ಅತ್ತಿ. ನಿಮ್ಮ ಪಾದದಾಣೆ, ನಾ ಈಳಿಗಿ ಮುಟ್ಟಿಲ್ಲ.”

“ಹಂಗಾರ ಈ ಕೂಸಿನ ಬಾಯಿ ತಾನ ಹರೀತೇನು?”

ಈ ಪ್ರಶ್ನೆ ಬಂದರೆ ಅವ್ವ ಒಲೆಗೆ ಕಟ್ಟಿಗೆ ತುರುಕುತ್ತಿದ್ದಳು. ಉತ್ತರವಿಲ್ಲದವರು ಸೋತರೆಂದೇ ನಮ್ಮ ಮನೆಯ ಲೆಕ್ಕ. ಆದರೆ ಒಲೆಯ ಹಿಂದೆ ಕುಳಿತ ನನಗೆ ಬೇರೊಂದು ಸಂಗತಿ ಕಿವಿಗೆ ಬೀಳುತ್ತಿತ್ತು. ಆಯಿಯ ಬಾಯಲ್ಲಿ ಅದು ಸೌತೆಕಾಯಿ. ಅಪ್ಪ ಸಿಟ್ಟಿನಲ್ಲಿ ಹೇಳುವಾಗ ಉಳ್ಳಾಗಡ್ಡಿ. ಬೀಸುವ ಕಲ್ಲಿಗೆ ಬರುತ್ತಿದ್ದ ಓಣಿಯ ಹೆಂಗಸರು, ಅವ್ವ ಕೌದಿ ಹೊಲಿಯುತ್ತ ದಾರವನ್ನು ಹಲ್ಲಿನಿಂದ ಕಡಿದಳೆಂದು ಹೇಳುತ್ತಿದ್ದರು. ಒಂದು ಬಾಯಿಯನ್ನು ಇಷ್ಟು ವಸ್ತುಗಳು ಸೀಳಲಾರವು ಎಂದು ನನಗೆ ತೋರಿತು. ನನ್ನ ಮುಂದಿನ ಬದುಕಿನಲ್ಲಿ ಯಾವ ಮಾತನ್ನೂ ಎರಡನೆಯ ಸಲ ಕೇಳದೆ ಒಪ್ಪದ ಮೊಂಡುತನ ಬಂದದ್ದು ಯಾವ ಗುರುವಿನಿಂದಲೂ ಅಲ್ಲ, ಈ ಉಳ್ಳಾಗಡ್ಡಿಯಿಂದ. ಒಂದು ದಿನ ಧೈರ್ಯ ಮಾಡಿ ಕೇಳಿದೆ.

“ಆಯಿ, ನೀ ಸೌತಿಕಾಯಿ ಅಂತಿ. ಅಪ್ಪ ಉಳ್ಳಾಗಡ್ಡಿ ಅಂತಾನ. ಯಾವುದು ಖರೆ?”

ಆಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. “ಎರಡೂ ಕೊಯ್ದಿರಬೇಕು ತಗೋ. ನಿನ್ನ ಬಾಯಿ ಹೊರಗೂ ಹರದೈತಿ, ಒಳಗೂ ಹರದೈತಿ.”

ನನಗೆ ಏಳೋ ಎಂಟೋ ವರ್ಷವಿದ್ದಾಗ ಸೂರ್ಯಗ್ರಹಣವೊಂದು ಬಂತು. ಅಂಗದೋಷವಿದ್ದ ಮಕ್ಕಳನ್ನು ಗ್ರಹಣ ಬಿಡುವವರೆಗೆ ತಿಪ್ಪೆಯಲ್ಲಿ ಕುತ್ತಿಗೆಯವರೆಗೆ ಹುಗಿಯುವ ರೂಢಿ ನಮ್ಮ ಸೀಮೆಯಲ್ಲಿ ಇತ್ತು; ಪೂರ್ತಿ ಹೋಗಿದೆ ಎಂದು ಈಗಲೂ ಪ್ರಮಾಣ ಮಾಡಲಾರೆ. ಗ್ರಹಣ ಕೊಟ್ಟದ್ದನ್ನು ಗ್ರಹಣವೇ ಒಯ್ಯುತ್ತದೆ ಎಂದು ಆಯಿ ಹೇಳಿದಳು. ಅಪ್ಪ ಗುಂಡಿ ತೋಡಿ ನನ್ನನ್ನು ನಿಲ್ಲಿಸಿ, ಸುತ್ತಲೂ ಗೊಬ್ಬರ ತುಂಬಿ ಕಾಲಿನಿಂದ ಒತ್ತಿದ. ಕೊಳೆಯುವ ಗೊಬ್ಬರದೊಳಗೆ ಬಿಸಿ ಇರುತ್ತದೆ. ಮೈ ಬೆಂದು, ತಲೆಯೊಂದು ಹೊರಗೆ ಗಾಳಿಯಲ್ಲಿ ಉಳಿಯಿತು. ಓಣಿಯ ಹುಡುಗರು ಗೋಡೆಯ ಮೇಲೆ ಸಾಲಾಗಿ ಕುಳಿತರು.

“ಏ ಹರಕತುಟ್ಯಾ, ನಿನ್ನ ಬಿತ್ಯಾರೇನೋ? ನಾಳಿಗೆ ಮೊಳಕಿ ಒಡೀತಿಯೇನ?”

ನಾನು ಬೈದೆ. ಅವರಿಗೆ ತಿಳಿಯಲಿಲ್ಲ, ಇನ್ನಷ್ಟು ನಕ್ಕರು. ಪಕ್ಕದಲ್ಲಿ ನಿಂತಿದ್ದ ಬಸವರಾಜ ನನ್ನ ಬೈಗುಳವನ್ನೇ ತನ್ನ ಬಾಯಿಯಿಂದ ಸ್ಪಷ್ಟವಾಗಿ ಒದರಿ, ಒಂದು ಹೆಂಟೆ ಎಸೆದ. ಅದು ಅವನ ನಿತ್ಯದ ಕೆಲಸ. ಸಾಲಿಯಲ್ಲಿಯೂ ನಾನು ಓದಿದ್ದನ್ನು ಮಾಸ್ತರರಿಗೆ ತಿಳಿಸುವವನು ಅವನೇ.

ಅವ್ವನಿಗೆ ಹತ್ತಿರ ಬರಲು ಅಪ್ಪಣೆ ಇರಲಿಲ್ಲ. ಕಾರಣಳಾದವಳು ಕಣ್ಣಿಗೆ ಬೀಳಬಾರದೆಂದು ಆಯಿ ಅವಳನ್ನು ಹಿಂದೆ ನಿಲ್ಲಿಸಿದ್ದಳು. ಬಿಸಿಲು ಮಂಕಾಗುವ ಹೊತ್ತಿಗೆ ತಿಪ್ಪೆಯ ನೊಣಗಳೆಲ್ಲ ನನ್ನ ತುಟಿಯ ಸೀಳಿಗೆ ಮುತ್ತಿದವು. ನಾನು ತಲೆ ಕೊಡವುತ್ತ ಅಳತೊಡಗಿದೆ. ಅವ್ವ ಓಡಿಬಂದು ಕುಕ್ಕರಿಸಿ ಕುಳಿತು ಸೆರಗನ್ನು ನನ್ನ ಮುಖಕ್ಕೆ ಅಡ್ಡ ಹಿಡಿದಳು.

“ಗೌರವ್ವಾ, ಸೆರಗು ತಗಿ! ಬಾಯಿ ಮ್ಯಾಲೆ ಗ್ರಹಣ ಬೀಳಬೇಕು!”

“ನೊಣ ಮುತ್ತ್ಯಾವ್ರೀ ಅತ್ತಿ. ಓಡಿಸ್ಕೊಳ್ಳಾಕ ಕೂಸಿನ ಕೈ ಹುಗದೀರಲ್ರಿ.”

ಸೆರಗನ್ನು ಆಕೆ ತೆಗೆಯಲಿಲ್ಲ. ಒನಕೆ ಬಿದ್ದಿತೆಂದು ಒಳಗಿನಿಂದ ಕೂಗು ಬರುವವರೆಗೆ ಅದರ ಅಂಚಿನಡಿಯಲ್ಲಿ ಆಕೆಯ ಕಾಲ್ಬೆರಳುಗಳನ್ನು ನೋಡುತ್ತಿದ್ದೆ. ನನ್ನ ತುಟಿ ಇದ್ದಂತೆಯೇ ಇತ್ತು. ಆ ಸಂಜೆಯಿಂದ ಅವ್ವನ ಮೇಲೆ ಎರಡು ತಪ್ಪುಗಳಾದವು: ಕೆಡಿಸಿದ್ದು ಒಂದು, ಸರಿಯಾಗುವುದನ್ನು ತಡೆದದ್ದು ಇನ್ನೊಂದು.

ಅದೇ ಬೇಸಿಗೆಯಲ್ಲಿ ಹಸನಸಾಬ ಮತ್ತೆ ಬಂದ. ಊರೂರು ತಿರುಗುವವನಾದ್ದರಿಂದ ಅವನ ಜೊತೆ ಸುದ್ದಿಯೂ ತಿರುಗುತ್ತಿತ್ತು. ಕೊಪ್ಪಳಕ್ಕೆ ಹೊರಗಿನಿಂದ ಡಾಕ್ಟರರು ಬಂದಿದ್ದಾರೆ, ಇಂಥ ತುಟಿಯನ್ನು ಹೊಲಿಯುತ್ತಾರೆ ಎಂದು ಹೇಳಿದ. ಅವ್ವ ಯಾರನ್ನೂ ಕೇಳಲಿಲ್ಲ. ಯಲಬುರ್ಗಾ ಕಡೆಯ ತನ್ನ ತವರಿಗೆ ಹೋಗಿಬರುತ್ತೇನೆಂದು ಹೇಳಿ, ಅಲ್ಲಿಂದ ತನ್ನ ತಂದೆಯನ್ನು ಜೊತೆ ಮಾಡಿಕೊಂಡು ನನ್ನನ್ನು ಕೊಪ್ಪಳಕ್ಕೆ ಕರೆದೊಯ್ದಳು. ಮೂಗಿಗೆ ಹಿಡಿದ ಬಟ್ಟೆಯ ಘಾಟು, ಎಚ್ಚರವಾದಾಗ ಹೊಲಿಗೆ ಕೀಳದಂತೆ ಮೊಣಕೈ ಮಡಚಲು ಬಾರದಂತೆ ಕಟ್ಟಿದ್ದ ಪಟ್ಟಿಗಳು, ಮೇಲ್ದುಟಿಯಲ್ಲಿ ಇರುವೆ ಸಾಲಿನಂತೆ ಕಪ್ಪು ದಾರ ಇಷ್ಟು ನೆನಪಿದೆ. ಹೊರಡುವ ದಿನ ಡಾಕ್ಟರು ಅವ್ವನಿಗೆ ಹೇಳಿದರು.

“ತುಟಿ ಮಾತ್ರ ಆಗಿದೆಯಮ್ಮ. ಒಳಗೆ ಅಂಗುಳ ಹಾಗೇ ಇದೆ. ಬರುವ ವರ್ಷ ಮತ್ತೆ ಬರುತ್ತೇವೆ, ತಪ್ಪದೆ ಕರಕೊಂಡು ಬಾ. ಇವನ ಮಾತು ಅದರ ಮೇಲೆ ಇದೆ. ಈಗಾಗಲೇ ತಡವಾಗಿದೆ.”

“ಸಾಹೇಬ್ರ, ನಾ ಏನರ ಕೊಯ್ದದ್ದಕ್ಕ ಹಿಂಗ ಆಗೇತೇನ್ರಿ?”

“ಇಲ್ಲಮ್ಮ.”

“ಗ್ರಹಣದಾಗ ಕೊಯ್ದಿದ್ರೂ?”

“ಇಲ್ಲ ಅಂದೆನಲ್ಲಮ್ಮ.”

ಅವ್ವ ಆ ಮಾತನ್ನು ದಾರಿಯುದ್ದಕ್ಕೂ ಕಾಪಾಡಿಕೊಂಡು ಬಂದಳು. ಎತ್ತಿನ ಗಾಡಿಯಲ್ಲಿ ಅಜ್ಜನಿಗೆ ಮತ್ತೆ ಮತ್ತೆ ಹೇಳಿದಳು, ನನಗೆ ಹೇಳಿದಳು. ಮನೆಯ ಹೊಸಿಲಲ್ಲಿ ಅದು ಯಾವ ಕೆಲಸಕ್ಕೂ ಬರಲಿಲ್ಲ. ಆಯಿ ನನ್ನ ಗದ್ದ ಎತ್ತಿ ಬೆಳಕಿಂಡಿಯ ಬಿಸಿಲಿಗೆ ಹಿಡಿದು ನೋಡಿ ಕಣ್ಣೊರೆಸಿಕೊಂಡಳು. ಆಮೇಲೆ ಓಣಿಯ ಹೆಂಗಸರ ಕಡೆ ತಿರುಗಿದಳು.

“ನೋಡ್ರಿ ಬೇ, ಹೊರಗಿಂದು ಕೂಡೇತಿ. ತಿಪ್ಪಿ ಸುಳ್ಳಾಗಲಿಲ್ಲ. ಒಳಗಿಂದೂ ಕೂಡತಿತ್ತು, ಈಕಿ ಸೆರಗು ಅಡ್ಡ ಹಿಡೀದಿದ್ರ.”

“ಡಾಕ್ಟರು ಹೊಲದಾರ್ರೀ ಅತ್ತಿ. ದಾರದ ಗುರುತು ಐತಿ ನೋಡ್ರಿ.”

“ಹೊಲದಾರ, ಖರೆ. ಹೊಲದದ್ದು ಕೂಡಬೇಕಲ್ಲ? ಕೂಡಿಸಿದವರು ಯಾರು?”

ಈ ವಾದವನ್ನು ನಾನು ಇಂದಿಗೂ ಮೆಚ್ಚುತ್ತೇನೆ. ಇದಕ್ಕೆ ಎಲ್ಲಿಯೂ ಬಿರುಕಿಲ್ಲ. ನನ್ನ ಬಾಯಿಯಲ್ಲಿ ಇದ್ದದ್ದಕ್ಕೂ ಇಲ್ಲದ್ದಕ್ಕೂ ಇದರಲ್ಲಿ ಕಾರಣವಿತ್ತು. ಮರುವರ್ಷ ಕೊಪ್ಪಳಕ್ಕೆ ಕರೆದೊಯ್ಯಬೇಕೆಂದು ಅವ್ವ ಅಪ್ಪನ ಕಾಲು ಹಿಡಿದಳು. ಮನೆಗೆ ಹೇಳದೆ ಹೋಗಿದ್ದಕ್ಕೆ ಅವಳನ್ನು ನನ್ನ ಜೊತೆ ತವರಿಗೆ ಕಳಿಸುವುದನ್ನು ಆಗಲೇ ನಿಲ್ಲಿಸಿದ್ದರು. ಅಪ್ಪ ಒಂದೇ ಮಾತು ಹೇಳಿದ: “ಇನ್ನೊಂದು ಗ್ರಹಣ ಬರಲಿ, ಈ ಸಲ ನೀ ಒಳಗಿರು. ನೋಡೋಣು.” ತಪ್ಪಿತಸ್ಥಳೆಂದು ಗೊತ್ತಾದವಳ ಮಾತಿಗೆ ಮನೆಯಲ್ಲಿ ತೂಕವಿರುವುದಿಲ್ಲ. ಸೌತೆಕಾಯಿಯ ಕತೆಯನ್ನು ನಾನು ಮೂಢನಂಬಿಕೆ ಎಂದು ಬರೆದು ಕೈತೊಳೆದುಕೊಳ್ಳಲಾರೆ. ಅದು ಮನೆಯಲ್ಲಿ ಸರಿಯಾದ ಮಾತು ಗೊತ್ತಿದ್ದ ಒಬ್ಬಳೇ ಒಬ್ಬಳ ಬಾಯಿ ಕಟ್ಟಿತು. ಆ ಕಾರಣದಿಂದ ನನ್ನ ಅಂಗುಳ ತೆರೆದೇ ಉಳಿಯಿತು. ನಾವು ಡಾಕ್ಟರರನ್ನು ಬಿಟ್ಟು ಗ್ರಹಣದ ದಾರಿ ಕಾದೆವು. ಅದು ಬಂದಾಗ ಮೋಡ ಮುಚ್ಚಿತ್ತು. ಅಷ್ಟರಲ್ಲಿ ಕೊಪ್ಪಳಕ್ಕೆ ಬರುತ್ತಿದ್ದವರು ಬರುವುದನ್ನು ನಿಲ್ಲಿಸಿದ್ದರು, ಎಲ್ಲಿಗೆ ಹೋದರೆಂದು ಹಸನಸಾಬನಿಗೂ ತಿಳಿದಿರಲಿಲ್ಲ. ನಡುವಯಸ್ಸಿನಲ್ಲಿ ನಾನೇ ಒಬ್ಬ ವೈದ್ಯರ ಹತ್ತಿರ ಹೋದೆ. ಈಗ ಮುಚ್ಚಿದರೂ ನಾಲಿಗೆ ಕಲಿತ ದಾರಿಯನ್ನು ಬಿಡಿಸುವುದು ಕಷ್ಟ ಎಂದು ಅವರು ಸಭ್ಯವಾಗಿ ಹೇಳಿ ಕಳಿಸಿದರು.

ಸಾಲಿ ಬಹಳ ದಿನ ನಡೆಯಲಿಲ್ಲ. ಬಸವರಾಜನಿಗೆ ಜ್ವರ ಬಂದ ದಿನ ನನ್ನ ಪಾಠ ಯಾರಿಗೂ ತಿಳಿಯದೆ ಇಡೀ ವರ್ಗ ನಕ್ಕಿತು, ಮಾಸ್ತರರೂ ನಕ್ಕರು. ಮರುದಿನ ಹೋಗಲಿಲ್ಲ. ಕಿರಾಣಿ ಸಾಮಾನು ಕಟ್ಟಿ ತಂದ ಹಳೆಯ ಕಾಗದಗಳನ್ನು ಓದುತ್ತ, ಮುಂದೆ ಕುಷ್ಟಗಿಯ ವಾಚನಾಲಯದಲ್ಲಿ ಸಿಕ್ಕಿದ್ದನ್ನು ಓದುತ್ತ ನನ್ನನ್ನು ನಾನೇ ಕಲಿಸಿಕೊಂಡೆ. ಗಟ್ಟಿಯಾಗಿ ಓದಿದರೆ ಪೂರ್ತಿ ತಿಳಿಯುತ್ತಿದ್ದುದು ಅವ್ವನೊಬ್ಬಳಿಗೆ. ಕೂಸಿನ ತುಟಿ ಬಸುರಿನ ಎರಡನೆಯ ತಿಂಗಳೊಳಗೇ ಕೂಡಬೇಕು, ಕೂಡದಿದ್ದರೆ ಸೀಳಾಗಿ ಉಳಿಯುತ್ತದೆ, ಏಕೆ ಕೂಡಲಿಲ್ಲವೆಂದು ಬಹಳ ಸಲ ವೈದ್ಯರಿಗೂ ಹೇಳಲಾಗದು ಎಂದು ಓದಿದ ದಿನ ಮನೆಗೆ ಓಡಿಬಂದೆ. ಗ್ರಹಣ ಬಂದಾಗ ಆಕೆಗೆ ಐದು ತಿಂಗಳು. ಆ ಕತ್ತಲೆ ಕೋಣೆಯಲ್ಲಿ ನಾನು ಸೀಳಿದ ತುಟಿಯೊಂದಿಗೇ ಆಕೆಯ ಹೊಟ್ಟೆಯಲ್ಲಿದ್ದೆ. ಓದಿ ಹೇಳಿದೆ. ಆಕೆ ಜೋಳ ಹಸನು ಮಾಡುತ್ತಿದ್ದಳು.

“ಪುಸ್ತಕದಾಗ ಬರದವರು ನಮ್ಮ ಮನ್ಯಾಗ ಇದ್ರೇನೋ ಯಪ್ಪಾ?”

ಆಗ ನನಗೆ ಗೊತ್ತಾಯಿತು, ನಾನು ತಡಮಾಡಿ ಬಂದಿದ್ದೆ. ಆಣೆ ಇಡುವುದನ್ನು ಆಕೆ ಯಾವಾಗಲೋ ಬಿಟ್ಟಿದ್ದಳು. ಮೊದಲು ಸುಮ್ಮನಿರತೊಡಗಿದಳು, ಆಮೇಲೆ ಓಣಿಯವರು ಕೇಳಿದರೆ “ಹೂನ್ರವಾ, ನನ್ನ ಕೈಯಿಂದ ಆತು” ಎನ್ನತೊಡಗಿದಳು. ಆಯಿ ತೀರಿಕೊಂಡ ಮೇಲೆ ಮನೆಯಲ್ಲಿ ಆ ಮಾತು ಆಡುವವರು ಇರಲಿಲ್ಲವೆಂದು ತಾನೇ ಆಡಿದಳು. ಕೊನೆಯ ದಿನಗಳಲ್ಲಿ ಹಾಸಿಗೆಯ ಪಕ್ಕದಲ್ಲಿ ಕುಳಿತು, ಅವಳು ಒಮ್ಮೆ ನನಗೆ ಕುಡಿಸಿದಂತೆ, ಅರಳೆಯಿಂದ ನೀರು ಬಿಡುತ್ತಿದ್ದೆ. ನನ್ನ ತುಟಿಯ ಗೆರೆಯ ಮೇಲೆ ಬೆರಳಿಟ್ಟಳು.

“ತಪ್ಪಾತೋ ಯಮನೂರಾ. ಸೌತಿಕಾಯಿ ಭಾಳ ರುಚಿ ಇತ್ತು. ಇನ್ನೂ ಬಾಯಾಗ ಐತಿ.”

ಇಲ್ಲವೆಂದು ನಾನು ಹೇಳಿದೆ. ಎಷ್ಟು ಜೋರಾಗಿ ಹೇಳಿದರೂ ನನ್ನ ಮಾತು ಮೂಗಿನಲ್ಲಿಯೇ ಉಳಿಯುತ್ತದೆ. ಆಕೆ ತನ್ನನ್ನೇ ಅಪರಾಧಿಯೆಂದು ತಿಳಿದು ಹೋದಳು.

ಆ ರುಚಿ ನನ್ನನ್ನು ಬಿಡಲಿಲ್ಲ. ನನ್ನ ಅನುಮಾನಕ್ಕೆಲ್ಲ ಅದೊಂದು ಅಡ್ಡಗೋಡೆ. ಕೊಯ್ಯದವಳಿಗೆ ರುಚಿ ಹೇಗೆ ಗೊತ್ತು? ಹುಲಿಹೈದರದ ಬಾಣಂತಿಯನ್ನು ನೋಡಿ ಬಂದ ಮರುದಿನ, ಇಷ್ಟು ವರ್ಷ ಎಲ್ಲರ ಮಾತನ್ನೂ ತೂಗಿದ ನಾನು ಒಬ್ಬರನ್ನು ಕೇಳಿಯೇ ಇಲ್ಲವೆಂದು ಹೊಳೆಯಿತು. ಚಿಗವ್ವ ಈಗ ಕುಷ್ಟಗಿಯಲ್ಲಿ ಬಸವರಾಜನ ಮನೆಯಲ್ಲಿದ್ದಾಳೆ. ಅವನದು ದಾಳಿಂಬೆ ವ್ಯಾಪಾರ. ಆಕೆಗೆ ಕಿವಿ ಮಂದ, ನನಗೆ ಮಾತು ಮಂದ. ಆದ್ದರಿಂದ ನನ್ನ ಪ್ರಶ್ನೆಯನ್ನು ಎಂದಿನಂತೆ ಬಸವರಾಜನೇ ಆಕೆಯ ಕಿವಿಗೆ ಬಾಯಿಟ್ಟು ಹೇಳಿದ.

“ಯವ್ವಾ, ಯಮನೂರಣ್ಣ ಕೇಳಾಕತ್ಯಾನ. ಆ ಗ್ರಹಣದ ದಿನ ನೀ ಎಲ್ಲಿದ್ದಿ?”

“ಎಲ್ಲಿರತೀನಿ, ಅಲ್ಲೇ ಗೌರಕ್ಕನ ಬಾಜೂಕ. ಇಬ್ರೂ ಬಸರು. ಇಬ್ರನ್ನೂ ಒಳಗ ಹಾಕಿ ಕದಾ ಮುಚ್ಚಿದ್ಲು ನಿಮ್ಮಾಯಿ.”

“ದೊಡ್ಡವ್ವ ಈಳಿಗಿ ಮುಟ್ಟಿದ್ಲೇನು?”

“ಆಕೀನ?” ಚಿಗವ್ವ ನಕ್ಕಳು. “ಆಕಿ ಮಗ್ಗಲಾ ಹೊಳ್ಳಾಕನ ಅಂಜತಿದ್ಲು. ಕೊಯ್ದಾಕಿ ನಾನು. ಹಸಿವು ತಡೀಲಿಲ್ಲ. ಕತ್ತಲಾಗ ಕೈ ಆಡಿಸಿ ಸೌತಿಕಾಯಿ ಹುಡುಕಿದೆ, ಈಳಿಗಿ ಹುಡುಕಿದೆ. ಆಕಿ ಬಾಯಾಗೂ ಒಂದು ಹೋಳು ತುರುಕಿದೆ. ಬ್ಯಾಡ ಬ್ಯಾಡ ಅನಕೋತ ತಿಂದ್ಲು. ಇಬ್ರೂ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಿವಿ.”

ಮುಂದಿನ ಪ್ರಶ್ನೆಗೆ ಬಸವರಾಜ ನನ್ನ ಕಡೆ ನೋಡಲಿಲ್ಲ. “ಮತ್ತ ಇಷ್ಟು ದಿನ ಯಾಕ ಹೇಳಲಿಲ್ಲ ಬೇ?”

“ಯಾರು ಕೇಳಿದ್ರೋ? ಗೌರಕ್ಕಗ ಗೊತ್ತಿತ್ತು. ಒಂದಿನಾನೂ ನನ್ನ ಹೆಸರು ಎತ್ತಲಿಲ್ಲ. ನೀ ಹುಟ್ಟಿದಿ, ನಿನ್ನ ತುಟಿ ನೆಟ್ಟಗಿತ್ತು. ಅದನ್ನ ನೋಡಿ ನಾನೂ ಸುಮ್ನಾದೆ. ಆಮ್ಯಾಲ ಆಮ್ಯಾಲ ಆಕೀಗೇ ಮರತಿತ್ತು ಅನಸತೈತಿ.”

ಹುಲಿಹೈದರಕ್ಕೆ ಬಸವರಾಜನನ್ನು ಕರೆದುಕೊಂಡು ಹೋದೆ. ಅವನು ನಡೆದದ್ದನ್ನೆಲ್ಲ ಬಿಡಿಸಿ ಹೇಳಿದ. ಬಾಣಂತಿಯ ಅತ್ತೆ ಕೊನೆಯವರೆಗೆ ಕೇಳಿ, “ಹಂಗಾರ ಕೊಯ್ದಾಕಿ ಒಬ್ಬಾಕಿ, ಹತ್ತಿದ್ದು ಇನ್ನೊಬ್ಬಾಕೀಗೆ. ಬಾಜೂಕ ಮಲಗಬಾರದಿತ್ತು” ಎಂದಳು. ಬಾಣಂತಿ ತಿರುಗಲಿಲ್ಲ. ಯಾರನ್ನಾದರೂ ನಂಬಿಸುವ ಆಸೆ ನನಗೆ ಆ ದಿನ ಮುಗಿಯಿತು.

ಆದರೂ ಸಾಕ್ಷಿ ಬದುಕಿದೆ. ಅನುಮಾನವಿದ್ದವರು ಕುಷ್ಟಗಿಗೆ ಹೋಗಿ ಚಿಗವ್ವನ ಕಿವಿಯಲ್ಲಿ ಜೋರಾಗಿ ಕೇಳಬಹುದು. ಆಕೆ ಮಲಗಿದ್ದರೆ ಅಂಗಡಿಗೆ ಹೋಗಿ ಬಸವರಾಜನ ತುಟಿಯನ್ನಾದರೂ ನೋಡಬಹುದು. ಈಳಿಗೆ ಆಡಿದ್ದು ಆ ತುಟಿಯ ತಾಯಿಯ ಕೈಯಲ್ಲಿ. ಹುಲಿಹೈದರದಿಂದ ಮರಳಿದ ಮರುದಿನ ಬೆಳಿಗ್ಗೆ ಅವನು, ನನಗೆ ಹೇಳದೆ, ತನ್ನ ಮೀಸೆಯನ್ನು ತೆಗೆಸಿಬಿಟ್ಟಿದ್ದಾನೆ. ನಮ್ಮಲ್ಲಿ ಹೆತ್ತವರು ತೀರಿದಾಗ ಮಾತ್ರ ಗಂಡಸರು ಮೀಸೆ ತೆಗೆಸುತ್ತಾರೆ. ಹಣ್ಣಿಗೆ ಬಂದವರು ಬೋಳು ತುಟಿ ಕಂಡು ಬುಟ್ಟಿ ಕೆಳಗಿಟ್ಟು, “ಏನ್ರೀ ಬಸವರಾಜಣ್ಣ, ಅವ್ವ ಹೋದ್ರೇನ್ರಿ?” ಎಂದು ಕೇಳುತ್ತಾರೆ. ಅವನು ತೂಗುವುದನ್ನು ನಿಲ್ಲಿಸದೆ ಹೇಳುತ್ತಾನೆ:

“ಅವ್ವ ಅದಾಳ್ರಿ. ದೊಡ್ಡವ್ವ ಹೋಗ್ಯಾಳ.”